ಕಲೆ ಉಳಿಯದ ಆರನೇ ಕಂಬ

ನಮ್ಮಣ್ಣ ಮತನಜರ್ ಹೆಚ್ಚುಕಡಿಮೆ ನಲವತ್ತು ವರ್ಷ ಒಂದು ಮರದ ಕಂಬದ ಕ್ಷಮೆ ಕೇಳಿದ. ದೇವರದ್ದಲ್ಲ, ಕಂಬದ್ದು. ಬೆಳಗಿನ ನಮಾಜು ಮುಗಿಸಿ ಉಳಿದವರೆಲ್ಲ ತಮ್ಮ ತಮ್ಮ ಜೋಡು ಹುಡುಕಿಕೊಳ್ಳುತ್ತಿದ್ದರೆ ಇವನೊಬ್ಬ ಮಸೀದಿಯ ಪಡಸಾಲೆಯ ತುದಿಗೆ ಹೋಗಿ, ಆರನೇ ಕಂಬಕ್ಕೆ ಬಲಗೈ ಒತ್ತಿ, ತುಟಿ ಅಲ್ಲಾಡಿಸಿ ಬರುತ್ತಿದ್ದ. ಆ ಮಸೀದಿ ಹತ್ತಿಬೀಜದ ಉಗ್ರಾಣವಾಗಿದ್ದ ಕಾಲದಲ್ಲೂ ಏನಾದರೊಂದು ನೆಪ ಹೂಡಿ ಒಳಗೆ ಹೋಗಿ ಬರುತ್ತಿದ್ದ. ನಾನು ಅನಾಜಾನ್, ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಬಾಗಿಲಲ್ಲೇ ರೊಟ್ಟಿಯ ಒಲೆ ಹೂಡಿಕೊಂಡವಳು. ಬೀದಿಯ ಈಚೆ ನನ್ನ ಒಲೆ, ಆಚೆ ಮಸೀದಿ. ದಿನಾ ನೋಡುತ್ತಿದ್ದೆ, ದಿನಾ ಬೈಯುತ್ತಿದ್ದೆ. ಅವನು ಬರುವಷ್ಟರಲ್ಲಿ ಮೊದಲ ರೊಟ್ಟಿ ತಣ್ಣಗಾಗಿರುತ್ತಿತ್ತು.

ಅವನ ತಪ್ಪೇನು ಅಂದರೆ, ಆ ಕಂಬಗಳಿಗೆ ಬಣ್ಣ ಹಚ್ಚಿದ್ದು. ಆಗ ಅವನಿಗೆ ಹದಿನೆಂಟು ವರ್ಷ, ರೂಜಿಮ್ ಉಸ್ತಾದರ ಹತ್ತಿರ ಕೆತ್ತನೆ ಕಲಿಯುತ್ತಿದ್ದ. ಆ ಕಾಲಕ್ಕೆ ನಮ್ಮೂರು ಖೀವಾದಲ್ಲಿ ರೂಜಿಮ್ ಉಸ್ತಾದರ ಉಳಿಗೆ ಸಮನಾದ ಉಳಿ ಇರಲಿಲ್ಲ. ಇದನ್ನು ಇವತ್ತಿಗೂ ಒಪ್ಪುತ್ತೇನೆ, ಹೊಟ್ಟೆ ಉರಿದುಕೊಂಡೇ ಒಪ್ಪುತ್ತೇನೆ. ನಮ್ಮ ಕೇರಿಯ ಮಸೀದಿಯ ಆರು ಕಂಬಗಳೂ ಉಸ್ತಾದರ ಮುತ್ತಜ್ಜನ ಕಾಲದವು, ಗುಜುಮ್ ಮರದವು. ಗುಜುಮ್ ಅಂದರೆ ಮೊಳೆ ಬಾಗೀತೇ ಹೊರತು ಮರ ಬಾಗದು, ಅಂಥ ಗಟ್ಟಿ. ನೂರಾರು ವರ್ಷ ಎಣ್ಣೆ ಕುಡಿದು ಕುಡಿದು ಕಡುಚಹಾದ ಬಣ್ಣಕ್ಕೆ ತಿರುಗಿದ್ದವು. ಬುಡದಿಂದ ತಲೆಯವರೆಗೆ ಬಳ್ಳಿ, ಎಲೆ, ಮೊಗ್ಗು. ಉಸ್ತಾದರು ಹುಡುಗನನ್ನು ಅವುಗಳ ಮುಂದೆ ಕೂರಿಸಿ ಹೇಳಿಕೊಟ್ಟ ಮೊದಲ ಪಾಠವೇ, ಮರಕ್ಕೆ ಸುಳ್ಳು ಹೇಳಬೇಡ ಅಂತ. ಬಿರುಕಿದ್ದರೆ ಬಿರುಕು ಕಾಣಲಿ, ಗಂಟಿದ್ದರೆ ಗಂಟು ಕಾಣಲಿ, ಬಣ್ಣ ಬಳಿದು ಮುಚ್ಚುವವನು ಕಸುಬುದಾರನಲ್ಲ ಅಂತ.

ಹಾಗೆ ಹೇಳಿದ ಬಾಯೇ ಒಂದು ಬೇಸಿಗೆಯಲ್ಲಿ, ಮೇಲಿನಿಂದ ಅಪ್ಪಣೆ ಬಂದಿದೆ, ಆರೂ ಕಂಬಕ್ಕೆ ಬಣ್ಣ ಹಚ್ಚಬೇಕು ಅಂದಿತು. ಯಾವ ಬಣ್ಣ? ಶಾಲೆಯ ಮರದ ನೆಲಕ್ಕೆ ಬಳಿಯುತ್ತಿದ್ದ ಕಂದು ಎಣ್ಣೆಬಣ್ಣ. ಯಾರೂ ಯಾಕೆ ಅಂತ ಕೇಳಲಿಲ್ಲ. ಸೋವಿಯತ್ ಕಾಲ ಅದು. ಮೇಲಿನಿಂದ ಅಪ್ಪಣೆ ಬಂತೆಂದರೆ ಮರದ ಬುಡಕ್ಕೆ ಸುಣ್ಣ, ಗೇಟಿಗೆ ನೀಲಿ, ಗೋಡೆಗೆ ಘೋಷಣೆ. ಕೇಳುವವನೇ ಹುಚ್ಚ. ಆರನೇ ಕಂಬಕ್ಕೆ ಗೆದ್ದಲು ಹಿಡಿದಿದೆ ಅಂತ ಉಸ್ತಾದರು ಅದಕ್ಕೂ ಮೊದಲೇ ಒಂದು ತಿಂಗಳು ಸುತ್ತಲೂ ಗೋಣಿ ಕಟ್ಟಿ ರಿಪೇರಿ ಮಾಡಿದ್ದರು. ಗೋಣಿ ಬಿಚ್ಚಿದಾಗ ಅದಕ್ಕೆ ಮೊದಲ ಕೋಟು ಆಗಲೇ ಬಿದ್ದಿತ್ತು. ಮಾದರಿಗೆ ನಾನೇ ಹಚ್ಚಿದ್ದೀನಿ, ಇನ್ನು ನೀನು ಮುಂದುವರಿಸು ಅಂದರು. ಐದು ಕಂಬಕ್ಕೆ ಎರಡೆರಡು ಕೋಟು ಸಾಕು, ಆರನೆಯದಕ್ಕೆ ಮಾತ್ರ ಇನ್ನೂ ನಾಲ್ಕು ಬೇಕು, ಗೆದ್ದಲು ತಿಂದದ್ದಲ್ಲವಾ ಅಂದರು. ನಮ್ಮಣ್ಣ ಅಳುತ್ತಾ ಹಚ್ಚಿದ. ನಾನು ಒಂಬತ್ತು ವರ್ಷದವಳು, ಚಹಾ ಒಯ್ದಾಗ ಕಣ್ಣಾರೆ ಕಂಡಿದ್ದೇನೆ. ಎಡಗೈಯಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಲಗೈಯಲ್ಲಿ ಬ್ರಷ್ ಎಳೆಯುತ್ತಿದ್ದ. ಉಸ್ತಾದರು ಅವನ ತಲೆ ಸವರಿ, ಅಳಬೇಡ ಮಗನೇ, ಪಾಪ ಅಪ್ಪಣೆ ಕೊಟ್ಟವರಿಗೆ ಅಂದರು. ಆ ಮಾತೊಂದು ನಿಜ, ನೋಡಿ.

ಅದೇ ಶರತ್ಕಾಲದಲ್ಲಿ ಸೈನ್ಯದ ಕರೆ ಬಂತು. ಆಫ್ಘನ್ ಯುದ್ಧ ಶುರುವಾಗಿತ್ತು. ನಮ್ಮಣ್ಣ ಮತ್ತು ಉಸ್ತಾದರ ಒಬ್ಬನೇ ಮಗ ಕುತ್ಲಿಮುರಾದ್, ಇಬ್ಬರೂ ಒಂದೇ ವಯಸ್ಸು, ಒಂದೇ ತಟ್ಟೆಯಲ್ಲಿ ಉಂಡವರು. ವೈದ್ಯರು ಪರೀಕ್ಷೆ ಮಾಡಿ ಕುತ್ಲಿಮುರಾದನ ಹೃದಯ ದುರ್ಬಲ ಅಂತ ಬರೆದರು. ನಮ್ಮಣ್ಣನ ಹೃದಯ ಗಟ್ಟಿಯಿತ್ತು, ಹೋದ. ಎರಡು ವರ್ಷ. ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದ. ಅಮ್ಮ ಮೊಟ್ಟೆಯ ಕಡುಬು ಮಾಡಿ ಕಾಯುತ್ತಿದ್ದರೆ ಇವನು ಮೂಟೆ ಇಳಿಸಿದವನೇ ಹೋಗಿ ಆರನೇ ಕಂಬ ಮುಟ್ಟಿ ಬಂದ. ಅಲ್ಲಿ ಗುಡ್ಡದ ಸಂದಿಯಲ್ಲಿ ಮಲಗಿದ್ದಾಗ ಹರಕೆ ಹೊತ್ತಿದ್ದನಂತೆ, ಜೀವ ಉಳಿದರೆ ಆ ಆರು ಕಂಬದ ಬಣ್ಣ ನನ್ನ ಕೈಯಿಂದಲೇ ತೆಗೆಯುತ್ತೇನೆ ಅಂತ. ಅದೊಂದೇ ಅವನ ಬಾಳಿನ ಆಸೆ. ಬೇರೆ ಆಸೆ ಪಟ್ಟದ್ದನ್ನು ನಾನು ಕಾಣೆ.

ಅದಕ್ಕೇ ಕೆತ್ತನೆ ಬಿಟ್ಟು, ಬಣ್ಣ ತೆಗೆಯುವುದನ್ನೇ ಕಸುಬು ಮಾಡಿಕೊಂಡ. ಊರವರು ನಗುತ್ತಿದ್ದರು, ಎಲ್ಲರೂ ಹಚ್ಚಿ ಬದುಕಿದರೆ ಇವನು ಕೆರೆದು ಬದುಕುತ್ತಾನಲ್ಲ ಅಂತ. ಆದರೆ ಹಳೇ ಬಾಗಿಲು, ಮದುವೆಯ ಪೆಟ್ಟಿಗೆ, ತೊಟ್ಟಿಲು, ಯಾರ ಮನೆಯಲ್ಲಿ ಏನಿದ್ದರೂ ಕೊನೆಗೆ ಇವನ ಬಾಗಿಲಿಗೇ ಬರುತ್ತಿತ್ತು. ನನ್ನ ಒಲೆಯಲ್ಲಿ ಉರಿದ ಹತ್ತಿಗಿಡದ ಬೂದಿಯನ್ನು ನೀರಲ್ಲಿ ನೆನೆಸಿ, ಸೋಸಿ, ಸುಟ್ಟ ಸುಣ್ಣ ಮತ್ತು ಜೇಡಿಮಣ್ಣು ಸೇರಿಸಿ, ಹಿಟ್ಟಿನ ಹಾಗೆ ನಾದುತ್ತಿದ್ದ. ಅದನ್ನು ಬೆರಳು ದಪ್ಪ ಮೆತ್ತಿ, ಮೇಲೆ ಒದ್ದೆ ಗೋಣಿ ಸುತ್ತಿ, ಒಂದು ಹಗಲು ಒಂದು ರಾತ್ರಿ ಬಿಡುತ್ತಿದ್ದ. ಬಿಚ್ಚಿದಾಗ ಬಣ್ಣ ಉಬ್ಬಿ ಎದ್ದಿರುತ್ತಿತ್ತು. ಕಬ್ಬಿಣ ಮುಟ್ಟಿಸುತ್ತಿರಲಿಲ್ಲ, ಕುರಿಯ ಮೂಳೆ ಸೀಳಿ ಮಾಡಿದ ಹೆರೆಗತ್ತಿಯಲ್ಲೇ ಎಬ್ಬಿಸಬೇಕು. ಆಮೇಲೆ ಹುಳಿ ಮೊಸರಿನ ತಿಳಿನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಸುಣ್ಣದ ಕಾವಿಗೆ ಗುಜುಮ್ ಕಪ್ಪಗಾಗುತ್ತದೆ. ಇಷ್ಟೆಲ್ಲ ಯಾರು ಬೇಕಾದರೂ ಮಾಡಿಯಾರು ಅನ್ನುತ್ತಿದ್ದ ಅಣ್ಣ. ಬಣ್ಣ ತೆಗೆಯುವುದಲ್ಲ, ಆಮೇಲೆ ಉಳಿಯುವ ಕಲೆ ತೆಗೆಯುವುದು ಕಸುಬು.

ಯಾಕೆಂದರೆ ಗುಜುಮ್ ಮರಕ್ಕೆ ಮೈತುಂಬ ಸಣ್ಣ ತೂತು. ರೊಟ್ಟಿ ಉಬ್ಬದಿರಲಿ ಅಂತ ನಾವು ಚುಚ್ಚುತ್ತೇವಲ್ಲ, ಹಾಗೆ. ಬಣ್ಣ ಆ ತೂತುಗಳಿಗೆ ಇಳಿದು ಕೂತುಬಿಟ್ಟರೆ ಮೇಲಿನದೆಲ್ಲ ಹೋದರೂ ಅದು ಹೋಗುವುದಿಲ್ಲ, ಒಳಗಿಂದ ಕಂದಗೆ ಇಣುಕುತ್ತಿರುತ್ತದೆ. ಬೆಚ್ಚಗಿನ ಎಣ್ಣೆಯ ಹನಿ ಬಿಟ್ಟು, ಅದು ಮೆತ್ತಗಾಗುವವರೆಗೆ ಕಾದು, ಚೂಪು ಮೂಳೆಯಲ್ಲಿ ಮೀಟಿ, ಕಂಬಳಿ ಚೂರಿನಿಂದ ಹೀರಿಸಬೇಕು. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಅಂಗೈಯಗಲಕ್ಕೆ ಮೂರು ದಿನ ಹಿಡಿದದ್ದುಂಟು. ಅತ್ತಿಗೆ ಬದುಕಿದ್ದಾಗ, ಈ ಮನುಷ್ಯ ನನ್ನ ಮುಖವನ್ನು ಇಷ್ಟು ಹತ್ತಿರದಿಂದ ಒಂದು ದಿನವೂ ನೋಡಲಿಲ್ಲ ಅಂತ ಗೊಣಗುತ್ತಿದ್ದಳು, ಅರ್ಧ ನಗೆ, ಅರ್ಧ ನಿಜ. ನಮ್ಮ ಮನೆಯ ಬಾಗಿಲು ಕಿಟಕಿ ಯಾವುದಕ್ಕೂ ಒಂದು ಹನಿ ಬಣ್ಣ ಸೋಕಿಲ್ಲ. ಅವಳು ಕಿಟಕಿಗೆ ನೀಲಿ ಬೇಕು ಅಂತ ಕೇಳಿ ಕೇಳಿ ಸತ್ತಳು.

ಉಸ್ತಾದರು ತೀರಿಕೊಂಡ ದಿನ ಇನ್ನೂ ನೆನಪಿದೆ. ಸಾಯುವವರು ಎಲ್ಲರನ್ನೂ ಕರೆದು, ನನ್ನ ಮೇಲೆ ಮನಸ್ಸಲ್ಲೇನೂ ಇಲ್ಲವಲ್ಲ, ರಾಜಿಯಾ ಅಂತ ಕೇಳುವುದು, ಬಂದವರು ರಾಜಿ, ಎಲ್ಲ ಮನ್ನಿಸಿದೆ ಅನ್ನುವುದು ನಮ್ಮಲ್ಲಿ ನಡೆದುಬಂದದ್ದು. ಯಾತಕ್ಕೆ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ, ರಾಜಿ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಉಸ್ತಾದರು ಕಸುಬು ಒಪ್ಪಿಸಿದ ಗುರುತಿಗೆ ನಮ್ಮಣ್ಣನಿಗೆ ನಡುಪಟ್ಟಿ ಕಟ್ಟಿ, ಮೂಳೆಯ ಹೆರೆಗತ್ತಿಗಳ ಕಟ್ಟು ಕೈಗಿತ್ತು, ಉಳಿದವರನ್ನು ಒಂದು ಸಲ ಕೇಳಿದ್ದನ್ನು ಇವನನ್ನು ಮೂರು ಸಲ ಕೇಳಿದರು. ಮೂರು ಸಲವೂ ಇವನು ರಾಜಿ ಉಸ್ತಾದ್, ರಾಜಿ ಅಂದು ಅವರ ಕಾಲ ಮೇಲೆ ಬಿದ್ದು ಅತ್ತ. ಮಗನಿಗಿಂತ ಹೆಚ್ಚು ಪ್ರೀತಿ ನೋಡಿ ಅಂತ ಹೆಂಗಸರೆಲ್ಲ ಕಣ್ಣೊರೆಸಿಕೊಂಡೆವು. ನಾನೂ ಒರೆಸಿಕೊಂಡೆ, ನನ್ನ ದಡ್ಡತನಕ್ಕಿಷ್ಟು.

ಕಾಲ ಬದಲಾಯಿತು, ಮಸೀದಿ ಕೇರಿಗೆ ವಾಪಸು ಬಂತು. ಕುತ್ಲಿಮುರಾದ್ ಕೇರಿಯ ಹಿರಿಯನಾದ. ಬಿಳಿ ಗಡ್ಡ, ಬಿಳಿ ಅಂಗಿ, ತೂಕದ ಮಾತು. ಯಾರ ಮನೆಯ ಜಗಳವಾದರೂ ಬಿಡಿಸುವವನು ಅವನೇ. ಪ್ರತಿ ಶುಕ್ರವಾರ ನಮ್ಮ ಮನೆಯಲ್ಲೇ ಪಲಾವು. ಅವನ ದುರ್ಬಲ ಹೃದಯ ಮೂರು ಬಟ್ಟಲು ಪಲಾವು ಇಳಿಸಿ, ಮೇಲೆ ಒಂದು ಖರಬೂಜ ಇಳಿಸಿ, ಏನೂ ಆಗದೆ ಎದ್ದು ಹೋಗುತ್ತಿತ್ತು. ಅಣ್ಣ ಕಂಬದ ಮಾತೆತ್ತಿದಾಗೆಲ್ಲ ಅವನ ಹತ್ತಿರ ಒಂದು ಕಾರಣ ಸಿದ್ಧ. ಮೊದಲು ಸೂರು ಆಗಲಿ. ಆಮೇಲೆ ನೆಲ ಆಗಲಿ. ಆಮೇಲೆ, ನಮ್ಮೂರ ಮಣ್ಣಿನ ಉಪ್ಪು ಕಲ್ಲನ್ನೇ ತಿನ್ನುತ್ತದೆ, ಬಣ್ಣವಿದ್ದರೆ ಮರಕ್ಕೆ ರಕ್ಷೆಯಲ್ಲವಾ. ಈ ನಡುವೆ ಆರನೇ ಕಂಬದ ಬುಡಕ್ಕೆ ಎದೆಯೆತ್ತರದ ಜೋಡಿನ ಕಪಾಟೊಂದನ್ನು ಮಾಡಿಸಿ ನಿಲ್ಲಿಸಿದ. ಅಣ್ಣ ಕಪಾಟಿನ ಮೇಲಿಂದ ಕೈಚಾಚಿ ಕಂಬ ಮುಟ್ಟಲು ಕಲಿತ.

ಆರು ವರ್ಷದ ಹಿಂದೆ ಬಣ್ಣ ಅಲ್ಲಲ್ಲಿ ಹಪ್ಪಳ ಎದ್ದು ನೋಡಲು ಅಸಹ್ಯವಾದಾಗ ಕೇರಿಯವರೇ ಹಟ ಹಿಡಿದರು. ಆಗ ಕುತ್ಲಿಮುರಾದ್ ಒಪ್ಪಿದ, ಆದರೆ ಪೂರ್ವದ ತುದಿಯಿಂದ ಶುರು ಮಾಡಬೇಕು, ವರ್ಷಕ್ಕೆ ಒಂದೇ ಕಂಬ ಅಂದ. ಆರನೆಯದು ಬರುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರಾದರೂ ಮಣ್ಣಾಗುತ್ತೇವೆ ಅಂತ ಅವನ ಎಣಿಕೆ ಇದ್ದಿರಬೇಕು. ನಮ್ಮಣ್ಣ ಪ್ರತಿ ವಸಂತದಲ್ಲೂ ಒಂದೊಂದು ಕಂಬಕ್ಕೆ ಗೋಣಿ ಸುತ್ತಿದ. ಒಂದೊಂದೂ ಅವನಿಂದ ಎರಡೆರಡು ತಿಂಗಳು ಕಿತ್ತುಕೊಂಡಿತು. ಐದನೆಯದರಲ್ಲಿ ಒಂದು ಮೊಗ್ಗಿನ ಒಳಗೆ ಹುರುಳಿ ಕಾಳಿನಷ್ಟು ಕಲೆ. ಅದಕ್ಕೇ ಮೂರು ವಾರ. ಬೆನ್ನು ಗೂನಾಯಿತು, ಸುಣ್ಣಕ್ಕೆ ಬೆರಳ ತುದಿ ಸವೆದು ನುಣುಪಾಯಿತು. ಐದೂ ಕಂಬ ಕಡುಚಹಾದ ಬಣ್ಣಕ್ಕೆ ತಿರುಗಿ ನಿಂತಾಗ ಅವನ ಮುಖ ನೋಡಬೇಕಿತ್ತು.

ಈ ವಸಂತದಲ್ಲಿ ಆರನೆಯದರ ಸರದಿ. ಕುತ್ಲಿಮುರಾದ್ ನಮ್ಮ ಮನೆಗೆ ಬಂದು, ಐದು ಆಯಿತಲ್ಲ, ಹಳೇ ಕಾಲದ ನೆನಪಿಗೆ ಒಂದು ಹಾಗೇ ಇರಲಿ ಬಿಡು ಅಂದ. ಅಣ್ಣ ಅವನಿಗೆ ಯಾವತ್ತೂ ಎದುರಾಡಿದವನಲ್ಲ. ಅವತ್ತು ಆಡಿದ.

"ಐದು ತೆಗ್ದು ಆರನೇದು ಬಿಟ್ರೆ ನಾನು ಯಾತಕ್ಕೆ ಬದುಕಿ ಬಂದೆ ಹೇಳು? ಎಲ್ಲಾದಕ್ಕಿಂತ ಜಾಸ್ತಿ ಬಣ್ಣ ನಾನು ಅದಕ್ಕೇ ಮೆತ್ತಿದ್ದು. ಎಲ್ಲಾದಕ್ಕಿಂತ ಜಾಸ್ತಿ ಅನ್ಯಾಯ ಮಾಡಿದ್ದು ಅದಕ್ಕೇ."

ಸೋಮವಾರ ಕಪಾಟು ಸರಿಸಿದ, ಮಣ್ಣು ಮೆತ್ತಿದ, ಗೋಣಿ ಸುತ್ತಿದ, ಸುತ್ತಲೂ ಇನ್ನೊಂದು ಗೋಣಿಯ ಮರೆ ಕಟ್ಟಿದ. ಮಂಗಳವಾರ ಬೆಳಿಗ್ಗೆ ನಾನು ಮೊಸರಿನ ತಿಳಿನೀರು ತುಂಬಿದ ಕೊಡ ಹೊತ್ತುಕೊಂಡು ಹೋದೆ. ಅವನು ಗೋಣಿಯೊಳಗೆ ಬಗ್ಗಿ ಮೂಳೆ ಆಡಿಸುತ್ತಿದ್ದ. ಬೆಂದ ಮೊಟ್ಟೆಯ ಸಿಪ್ಪೆಯ ಹಾಗೆ ಬಣ್ಣ ಕಿತ್ತು ಬರುತ್ತಿತ್ತು. ಇಷ್ಟಗಲ ಇಷ್ಟಗಲ ಚಕ್ಕೆ. ಅದರ ಕೆಳಗೆ ಒಂದು ಕಲೆ ಇಲ್ಲ. ಒಂದು ಚುಕ್ಕೆ ಇಲ್ಲ. ಅಣ್ಣ ನನ್ನ ಕಡೆ ತಿರುಗಿದ, ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು.

"ಅನಾ, ನೋಡೇ. ಒಂದೂ ಕಲೆ ಇಟ್ಕೊಂಡಿಲ್ಲ ಕಣೇ. ಇದು ನನ್ನ ಕ್ಷಮಿಸ್ಬಿಟ್ಟಿದೆ."

ನಾನು ಅಲ್ಲೇ ಕೂತು, ಅವನು ಕೆರೆಯುವುದನ್ನು ನೋಡುತ್ತಾ, ದೇವರೇ, ಕೊನೆಗೂ ಈ ಮನುಷ್ಯನ ಎದೆಯ ಭಾರ ಇಳಿಸಿದೆಯಲ್ಲ ಅಂದುಕೊಂಡೆ. ಮೊಳದಷ್ಟು ಬಿಡಿಸಿದ ಮೇಲೆ ಅವನ ಕೈ ನಿಧಾನವಾಯಿತು. ತಿಳಿನೀರಲ್ಲಿ ಬಟ್ಟೆ ಅದ್ದಿ ಒರೆಸಿದ, ಇನ್ನೊಮ್ಮೆ ಒರೆಸಿದ. ಇಷ್ಟು ಹೊತ್ತು ಸುಣ್ಣ ಕುಡಿದ ಮರ ಕಪ್ಪಾಗಿರಬೇಕಿತ್ತು. ಅದು ನನ್ನ ಹಿಟ್ಟಿನ ಹಾಗೆ ಬೆಳ್ಳಗಿತ್ತು. ಉಗುರು ಊರಿ ಒತ್ತಿದ, ಉಗುರು ಇಳಿಯಿತು. ಬೆರಳ ಗೆಣ್ಣಿನಿಂದ ತಟ್ಟಿ, ಬಲಗಿವಿ ಹಚ್ಚಿ ಕೇಳಿದ. ಆಮೇಲೆ ಒಂದು ಎಲೆಯ ಕೆತ್ತನೆಯ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತ. ಎಲೆಯ ತುದಿ ಎಡಕ್ಕೆ ಚೂರು ಮಡಿಚಿತ್ತು. ಹಾಗೆ ಮಡಿಚುವುದು ರೂಜಿಮ್ ಉಸ್ತಾದರ ಕೈ. ಅವರ ಮುತ್ತಜ್ಜನದ್ದಲ್ಲ.

"ಇದು ತೆರಕ್ ಕಣೇ," ಅಂದ.

ತೆರಕ್ ಅಂದರೆ ಕಾಲುವೆಯ ದಡದಲ್ಲಿ ಕಳೆಯ ಹಾಗೆ ಬೆಳೆಯುವ ಮೆತ್ತನೆಯ ಮರ, ದನದ ಕೊಟ್ಟಿಗೆಯ ಮಾಡಿಗೆ ಹಾಕುವಂಥದ್ದು. ಅದರ ಮೈಯಲ್ಲಿ ಅಂಥ ತೂತುಗಳಿಲ್ಲ, ಬಣ್ಣ ಇಳಿಯುವುದಿಲ್ಲ, ಅದಕ್ಕೇ ಕಲೆ ಉಳಿಯುವುದಿಲ್ಲ. ನಮ್ಮಣ್ಣ ನಲವತ್ತು ವರ್ಷ ಕೊಟ್ಟಿಗೆಯ ಮರಕ್ಕೆ ಕೈಮುಗಿದಿದ್ದ.

ಕಪಾಟು ಸರಿದದ್ದು ಗೊತ್ತಾಗಿ ಕುತ್ಲಿಮುರಾದ್ ತಾನೇ ಬಂದ. ಗೋಣಿ ಎತ್ತಿ ನೋಡಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಅನ್ನುವ ಮೊದಲೇ ಮುಟ್ಟಿಕೊಂಡ. ಕೆಳಗೆ ಕೂತು ಎಲ್ಲ ಹೇಳಿದ. ಸೈನ್ಯಕ್ಕೆ ಹುಡುಗರನ್ನು ಆರಿಸುವ ಕಡೆಯ ದೊಡ್ಡ ಮನುಷ್ಯನೊಬ್ಬ ಕೆರೆಯ ಪಕ್ಕ ಬಂಗಲೆ ಕಟ್ಟಿಸುತ್ತಿದ್ದನಂತೆ. ಅವನಿಗೆ ಜಗಲಿಗೆ ಖೀವಾದ ಹಳೇ ಕಂಬವೊಂದು ಬೇಕಿತ್ತಂತೆ. ಉಸ್ತಾದರು ತೆರಕ್ ಮರದಲ್ಲಿ ತದ್ರೂಪು ಕೆತ್ತಿ, ಗೋಣಿಯ ಮರೆಯಲ್ಲಿ ಸೂರಿಗೆ ಆಸರೆ ಕೊಟ್ಟು, ಮಗನ ಕೈಯಲ್ಲೇ ಒಂದು ತುದಿ ಹಿಡಿಸಿ ಕಂಬ ಬದಲಾಯಿಸಿದರಂತೆ. ಮೇಲಿನಿಂದ ಯಾವ ಅಪ್ಪಣೆಯೂ ಬಂದಿರಲಿಲ್ಲ. ಒಂದು ಬಿಳಿ ಕಂಬವನ್ನು ಮುಚ್ಚಲು ಐದು ನಿಜವಾದ ಕಂಬಗಳಿಗೂ ಬಣ್ಣ ಬೇಕಾಗಿತ್ತು, ಅಷ್ಟೆ. ಕಂಬ ಹೋಯಿತು, ಮಗನ ಹೃದಯ ದುರ್ಬಲವಾಯಿತು.

ನಾನು ಬೈದೆ. ಏನೇನು ಬೈದೆನೋ ಇಲ್ಲಿ ಬರೆಯುವ ಹಾಗಿಲ್ಲ. ನಲವತ್ತು ವರ್ಷ ನಮ್ಮನೆ ಪಲಾವು ತಿಂದು ಕೈ ತೊಳ್ಕೊಂಡು ಹೋದ್ಯಲ್ಲೋ, ಒಂದು ಶುಕ್ರವಾರವೂ ಗಂಟಲಿಗೆ ಸಿಕ್ಕಲಿಲ್ವಾ ಅಂತ ಕೇಳಿದೆ. ಅಣ್ಣ ಮಾತ್ರ ನೆಲ ನೋಡುತ್ತಿದ್ದವನು ಒಂದೇ ಒಂದು ಮಾತು ಕೇಳಿದ.

"ಇನ್ನೂ ಐದು ಕಂಬ ಇತ್ತಲ್ಲೋ."

ಕುತ್ಲಿಮುರಾದನಿಗೆ ಅರ್ಥವಾಗಲಿಲ್ಲ.

"ನನ್ನನ್ನೂ ಮಗ ಅಂತಿದ್ರು. ಇನ್ನೂ ಐದು ಕಂಬ ಇತ್ತಲ್ಲ, ನನಗೋಸ್ಕರ ಒಂದು ಹೋಗಿದ್ರೆ ಏನಾಗ್ತಿತ್ತು?"

ಕಳ್ಳತನ ಯಾಕೆ ಮಾಡಿದಿರಿ ಅಂತ ಕೇಳಲಿಲ್ಲ, ನೋಡಿ, ನನ್ನ ಅಣ್ಣ. ನನ್ನನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳಿದ.

ಕುತ್ಲಿಮುರಾದ್ ಸುಧಾರಿಸಿಕೊಂಡ. ಊರ ಜಗಳ ಬಿಡಿಸಿದ ನಾಲಗೆ ಅಲ್ಲವಾ. ಅಪ್ಪ ಸಾಯುವಾಗ ಮೂರು ಸಲ ಕೇಳಿದ್ದ, ನೀನು ಮೂರು ಸಲ ರಾಜಿ ಅಂದಿದ್ದೆ, ಹತ್ತು ಜನ ಸಾಕ್ಷಿ ಇದ್ದರು, ಅಲ್ಲಿಗೆ ಮುಗಿಯಿತು ಅಂದ. ಸತ್ತವರ ಹೆಸರು ಕೆಡಿಸುವುದು ಮಹಾಪಾಪ ಅಂದ. ಅಕ್ರೋಟದ ಸಿಪ್ಪೆ ಕುದಿಸಿ ಹಚ್ಚಿದರೆ ತೆರಕ್ ಕೂಡ ಗುಜುಮ್ ಬಣ್ಣಕ್ಕೆ ಬರುತ್ತದೆ, ಆ ಹದ ನಿನ್ನ ಬಿಟ್ಟು ಯಾರಿಗೂ ಬರುವುದಿಲ್ಲ, ಶುಕ್ರವಾರದೊಳಗೆ ಹಚ್ಚಿಬಿಡು ಅಂದ. ಅಣ್ಣ ಆಗದು ಅಂತ ತಲೆ ಅಲ್ಲಾಡಿಸಿದ. ಆಗ ಅವನು ದನಿ ಇಳಿಸಿ, ಬಲಗಿವಿಯ ಹತ್ತಿರ ಬಾಗಿ, ಬುದ್ಧಿ ಹೇಳುವವನ ಹಾಗೆ ಹೇಳಿದ.

"ಸುಮ್ನೆ ಯೋಚ್ನೆ ಮಾಡು ಮಾರಾಯ. ಜನ ಏನಂತಾರೆ? ಸತ್ತೋದ ಉಸ್ತಾದ್ ಕದ್ದ ಅಂತಾರಾ, ಗೋಣಿ ಕಟ್ಕೊಂಡು ಒಳಗೆ ಕೂತಿರೋ ನೀನು ಕದ್ದೆ ಅಂತಾರಾ?"

ಹೀಗೆ ಹೇಳಿ, ಅಂಗಿಯ ಧೂಳು ಕೊಡವಿಕೊಂಡು ಹೋದ. ನಮ್ಮಣ್ಣನ ಹತ್ತಿರ ಆಸ್ತಿ ಅಂತ ಇದ್ದದ್ದು ಒಂದೇ, ಮತನಜರ್ ಮುಟ್ಟಿದ ಮರದಿಂದ ಒಂದು ಚಕ್ಕೆಯೂ ಕಾಣೆಯಾಗುವುದಿಲ್ಲ ಅನ್ನುವ ಮಾತು. ಅದಕ್ಕೇ ಕೈ ಹಾಕಿದ್ದ ಪುಣ್ಯಾತ್ಮ.

ಎರಡು ದಿನ ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ. ಬೀದಿಯಲ್ಲಿ ನಿಂತು ಕೂಗಿ ಹೇಳುತ್ತೇನೆ ಅಂತ ನಾನು ಹೊರಟರೆ, ಕೂತ್ಕೋ ಅಂತ ಗದರಿದ. ಗುರುವಾರ ಎದ್ದು, ನಾನು ಉಣ್ಣೆಗೆ ಬಣ್ಣ ಕಟ್ಟಲು ಒಣಗಿಸಿಟ್ಟಿದ್ದ ಅಕ್ರೋಟದ ಸಿಪ್ಪೆ ಕೇಳಿದ. ಹಚ್ಚುತ್ತೀಯಾ ಅಂದೆ. ಸಿಪ್ಪೆ ಕುದಿಸಿದ, ಸೋಸಿದ, ಮತ್ತೆ ಕುದಿಸಿದ, ಉಗುರ ಮೇಲೆ ಹನಿ ಬಿಟ್ಟು ಹದ ನೋಡಿದ. ಸಿಟ್ಟಿಗೆ ಅವತ್ತು ನಾನು ಅವನೊಡನೆ ಮಾತೇ ಆಡಲಿಲ್ಲ. ಇಷ್ಟೆಲ್ಲ ಆದ ಮೇಲೂ ಅದೇ ಮನೆಯವರ ಸುಳ್ಳಿಗೆ ಇದೇ ಕೈಯಾ ಅಂತ ಒಳಗೊಳಗೇ ಕುದ್ದೆ. ಅವನಿಗಿಂತ ನಾನೇ ಹೆಚ್ಚು ಮೋಸ ಹೋದವಳ ಹಾಗೆ.

ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಇನ್ನೂ ಹೊತ್ತಿರುವಾಗಲೇ ಬಣ್ಣದ ಡಬ್ಬಿ, ಹೊಸ ಬ್ರಷ್ ಹಿಡಿದು ಮಸೀದಿಗೆ ಹೋದ. ಹೋಗುತ್ತಾ, ಕುತ್ಲಿಮುರಾದನನ್ನು ಕರೆಯೇ, ಬಣ್ಣ ಸಿದ್ಧ ಇದೆ ಅನ್ನು ಅಂದ. ಕರೆದೆ. ಅವನು ಬಿಳಿ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು, ನಗುತ್ತಾ ಬಂದ. ನೀನು ಒಳ್ಳೆಯವನು ಅಂತ ನನಗೆ ಗೊತ್ತಿತ್ತು ಅಂತ ಅಣ್ಣನ ಭುಜ ತಟ್ಟಿದ. ಅಣ್ಣ ಸೋಮವಾರದಿಂದ ಕಟ್ಟಿದ್ದ ಗೋಣಿ ಬಿಚ್ಚಿದ. ಉಳಿದ ಬಣ್ಣವನ್ನೆಲ್ಲ ಹಿಂದಿನ ರಾತ್ರಿಯೇ ಬಂದು ಕೆರೆದು ಮುಗಿಸಿದ್ದ. ಐದು ಕರಿ ಕಂಬಗಳ ಪಕ್ಕ ಅದು ಬರಿ ಮೈಯಲ್ಲಿ ನಿಂತಿತ್ತು. ಬ್ರಷ್ ತೆಗೆದು ಕುತ್ಲಿಮುರಾದನ ಕೈಗಿಟ್ಟ.

"ಆವಾಗ ಏನೂ ಹೇಳ್ದೆ ನನ್ನ ಕೈಲಿ ಹಚ್ಚಿಸಿದ್ರಿ. ಈ ಸಲ ನೀನೇ ಹಚ್ಚು. ನಾನು ಇಲ್ಲೇ ಕೂತಿರ್ತೀನಿ."

ಕುತ್ಲಿಮುರಾದ್ ಬೀದಿಯ ಎರಡೂ ಕಡೆ ನೋಡಿದ. ಯಾರೂ ಇನ್ನೂ ಬಂದಿರಲಿಲ್ಲ. ಬೇಗ ಮುಗಿಸಿಬಿಟ್ಟರಾಯಿತು ಅಂದುಕೊಂಡನೋ ಏನೋ, ಬ್ರಷ್ ಅದ್ದಿ ಬಳಿಯತೊಡಗಿದ. ಬದುಕಲ್ಲಿ ಒಂದು ದಿನ ಬ್ರಷ್ ಹಿಡಿದವನಲ್ಲ. ದಪ್ಪ ಎಣ್ಣೆಬಣ್ಣ ಕುಡಿಯದ ಮೆತ್ತನೆಯ ಮರ ಈ ನೀರುಬಣ್ಣವನ್ನು ಗಟಗಟ ಕುಡಿಯಿತು, ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ, ಪಟ್ಟೆಪಟ್ಟೆ. ಕಂದು ನೀರು ಮಣಿಕಟ್ಟಿನ ಮೇಲಿಂದ ಹರಿದು ಅಂಗಿಯ ತೋಳೊಳಗೆ ಇಳಿಯಿತು, ಎದೆಗೆ ಸಿಡಿಯಿತು. ಅಕ್ರೋಟದ ಬಣ್ಣ ಬಟ್ಟೆಗೆ ಹತ್ತಿದರೆ ಸತ್ತರೂ ಹೋಗುವುದಿಲ್ಲ, ಚರ್ಮಕ್ಕೆ ಹತ್ತಿದರೆ ವಾರಗಟ್ಟಲೆ. ಅಣ್ಣ ಕಂಬದೆದುರು ಮಂಡಿ ಮಡಿಸಿ ಕೂತು ನೋಡುತ್ತಿದ್ದ. ನಾನು ಒಲೆ ಬಿಟ್ಟು ಮೆಟ್ಟಿಲ ಹತ್ತಿರ ಬಂದು ನಿಂತೆ. ಆಗ ನನಗೆ ಹೊಳೆಯಿತು.

ಜನ ಬರತೊಡಗಿದರು. ಇಬ್ಬರು, ನಾಲ್ವರು, ಹತ್ತು ಜನ. ಜೋಡು ಬಿಚ್ಚಲು ಬಗ್ಗಿದವರು ಬಗ್ಗಿದ ಹಾಗೇ ತಲೆಯೆತ್ತಿದರು. ಇದ್ಯಾಕೆ ಹಿರಿಯರೇ ಈ ಕಂಬ ಬೆಳ್ಳಗಿದೆ ಅಂತ ಒಬ್ಬ ಕೇಳಿದ. ನೀವ್ಯಾಕೆ ಬಣ್ಣ ಹಚ್ಚುತ್ತಿದ್ದೀರಿ ಅಂತ ಇನ್ನೊಬ್ಬ. ಮರದ ಕೆಲಸದ ಮುದುಕನೊಬ್ಬ ಹತ್ತಿರ ಹೋಗಿ ಉಗುರು ಊರಿದ. ಕುತ್ಲಿಮುರಾದ್ ಅಣ್ಣನ ಕಡೆ ಬೆರಳು ಮಾಡಲು ಕೈ ಎತ್ತಿದ. ಎತ್ತಿದ ಕೈಯಲ್ಲಿ ಬ್ರಷ್ ಇತ್ತು, ಮೊಣಕೈವರೆಗೆ ಬಣ್ಣ ಇತ್ತು. ಮುಚ್ಚುತ್ತಿರುವವನು ಯಾರು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಕೈ ಇಳಿಸಿದ. ಬ್ರಷ್ ಕೈಯಿಂದ ಜಾರಿ ಕಲ್ಲಿನ ಪೀಠದ ಮೇಲೆ ಬಿತ್ತು. ಅಪ್ಪ ಕೊಟ್ಟುಬಿಟ್ಟ, ನನಗೋಸ್ಕರ ಕೊಟ್ಟುಬಿಟ್ಟ ಅಂತ, ಅರವತ್ತು ದಾಟಿದ ಗಂಡಸು, ಎಲ್ಲರೆದುರು ಹುಡುಗನ ಹಾಗೆ ಅತ್ತ. ಒಂದೂ ಬಿಡದೆ ಹೇಳಿದ.

ಹೇಳಿ ಮುಗಿಸಿ ಅಣ್ಣನ ಮುಂದೆ ಕೂತ. ಇನ್ನು ಕೇಳುವುದು ಯಾವ ಮಾತು, ಬರುವುದು ಯಾವ ಉತ್ತರ, ಎಲ್ಲರಿಗೂ ಗೊತ್ತು.

"ಮತನಜರ್, ರಾಜಿಯಾ?"

ಒಂದೇ ಶಬ್ದ. ನಮ್ಮಲ್ಲಿ ಅದನ್ನು ಇಲ್ಲವೆಂದವರಿಲ್ಲ. ಇಮಾಮರು ಆಗಲೇ ದುವಾ ಬೇಡಲು ಅಂಗೈ ಎತ್ತಿದ್ದರು. ಅಣ್ಣ ಬಾಯಿ ತೆರೆದ, ಮುಚ್ಚಿದ. ಇನ್ನೊಮ್ಮೆ ತೆರೆದ. ಅವನು ಪ್ರಯತ್ನ ಪಟ್ಟ, ನಾನು ಕಂಡಿದ್ದೇನೆ.

"ನಿಮ್ಮಪ್ಪ ಕೇಳ್ದಾಗ ಯಾತಕ್ಕೆ ಅಂತ ಗೊತ್ತಿರ್ಲಿಲ್ಲ, ಮೂರು ಸಲ ಕೊಟ್ಟೆ," ಅಂದ. "ಈಗ ಗೊತ್ತಾಗಿದೆ ಕಣೋ. ಬಾಯಿಗೆ ಬರ್ತಿಲ್ಲ."

ಎದ್ದು ಜೋಡು ಮೆಟ್ಟಿಕೊಂಡು, ಅವತ್ತಿನ ನಮಾಜನ್ನು ಮನೆಯಲ್ಲೇ ಮಾಡಿದ. ಆ ಕಂಬ ಇವತ್ತಿಗೂ ಅರ್ಧ ಕಪ್ಪು ಅರ್ಧ ಬಿಳುಪಾಗಿ ಹಾಗೇ ನಿಂತಿದೆ. ಒಂದೇ ಸಮ ಮಾಡಿಕೊಡು ಅಂತ ಕೇರಿಯವರು ಕೇಳಿದ್ದಾರೆ, ಪೀಠದ ಕಲ್ಲಿನ ಮೇಲಿನ ಕಲೆಯನ್ನಾದರೂ ತೆಗೆ ಅಂದಿದ್ದಾರೆ. ಊರಿನ ಕಲೆಯನ್ನೆಲ್ಲ ತೆಗೆದವನು ಅದನ್ನು ಮುಟ್ಟಿಲ್ಲ. ಶುಕ್ರವಾರದ ಪಲಾವು ನಿಂತಿದೆ. ಮೂಳೆಯ ಹೆರೆಗತ್ತಿಗಳ ಕಟ್ಟು ನನ್ನ ಬೂದಿಯ ತೊಟ್ಟಿಯ ಹಿಂದೆ ಬಿದ್ದಿದೆ. ನಾನು ಎತ್ತಿಡಲಿಲ್ಲ, ಅವನು ಕೇಳಲಿಲ್ಲ.

ಬೆಳಗಿನ ನಮಾಜಿಗೆ ಹೋಗುತ್ತಾನೆ. ಮುಗಿದ ತಕ್ಷಣ, ಎರಡೂ ಕೈಗಳನ್ನು ಅಂಗಿಯ ತೋಳೊಳಗೆ ಸೇರಿಸಿಕೊಂಡು, ಎಲ್ಲರಿಗಿಂತ ಮೊದಲು ಬೀದಿ ದಾಟಿ ಬರುತ್ತಾನೆ. ಮೊದಲ ರೊಟ್ಟಿ ಈಗ ಬಿಸಿಬಿಸಿ ಸಿಗುತ್ತದೆ. ಒಂದು ಚೂರು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಪಕ್ಕಕ್ಕಿಟ್ಟುಬಿಡುತ್ತಾನೆ.